ಗದ್ದೆಯ ಬದುವಿನಿಂದ ಥೊರಾಂಗ್ ಲಾ ತನಕ

ನೇಪಾಳದ ಅನ್ನಪೂರ್ಣಾ ಸರ್ಕ್ಯೂಟ್ ಚಾರಣಕ್ಕೆ ಹೊರಟಿದ್ದೇವೆ, ಏನಾದರೂ ಸಲಹೆ ಕೊಡಿ ಅಂತ ಆಗಾಗ ಯಾರಾದರೂ ಫೋನ್ ಮಾಡುತ್ತಾರೆ. ಶೂ, ಜಾಕೆಟ್, ಸ್ಲೀಪಿಂಗ್ ಬ್ಯಾಗ್ ವಿಚಾರವೆಲ್ಲ ಆಮೇಲೆ. ನಾನು ಮೊದಲು ಕೇಳುವುದು, ಎಲ್ಲಿಂದ ನಡೀತೀರಿ ಅಂತ. ಹೆಚ್ಚಿನವರ ಉತ್ತರ ಒಂದೇ. "ಚಾಮೆವರೆಗೆ ಜೀಪು. ಆಗುವುದಾದರೆ ಮನಾಂಗ್‌ವರೆಗೂ ಜೀಪೇ. ರಜೆ ಎಲ್ಲಿದೆ ಹೇಳಿ?"

ರಜೆ ಇಲ್ಲ ಅನ್ನುವುದು ನಿಜ. ಬೆಂಗಳೂರಿನ ಆಫೀಸಿನಲ್ಲಿ ಒಟ್ಟಿಗೆ ಮೂರು ವಾರ ರಜೆ ಕೇಳಿದರೆ ಮನೆಯಲ್ಲಿ ಮದುವೆಯಾ ಅಂತ ಕೇಳುತ್ತಾರೆ. ಆದರೂ ನಾನು ಹಟ ಬಿಡುವುದಿಲ್ಲ. ಕೆಳಗಿನ ಆ ಬೆವರು, ಆ ಗದ್ದೆಯ ಬದು, ಒಂದೇ ಥರ ಕಾಣುವ ಆ ಊರುಗಳು, ಇವನ್ನೆಲ್ಲ ನಡೆದು ದಾಟಿದವರನ್ನೇ ಮೇಲಿನ ಘಾಟಿ ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಫೋಟೋಗೆ ಆಗುವಂಥದ್ದು ಏನೂ ಇಲ್ಲ ಅಂತ ಜನ ಬಿಟ್ಟುಬಿಡುವ ಭಾಗವೇ ಈ ನಡಿಗೆಯ ಅಡಿಪಾಯ.

ಮೊದಲು ಸ್ವಲ್ಪ ಭೂಗೋಳ. ಅನ್ನಪೂರ್ಣಾ ಅನ್ನುವುದು ಮಧ್ಯ ನೇಪಾಳದ ಒಂದು ಪರ್ವತ ಸಾಲು. ಅದರ ಅತಿ ಎತ್ತರದ ಶಿಖರ 8,091 ಮೀಟರ್. ಸಾಲಿನ ಪೂರ್ವಕ್ಕೆ ಮರ್ಸ್ಯಾಂಗ್ದಿ ನದಿ, ಪಶ್ಚಿಮಕ್ಕೆ ಕಾಳಿ ಗಂಡಕಿ. ಮರ್ಸ್ಯಾಂಗ್ದಿಯ ದಂಡೆ ಹಿಡಿದು ಮೇಲೆ ಹತ್ತಬೇಕು. ಪರ್ವತದ ಬೆನ್ನ ಹಿಂದಕ್ಕೆ ಬಂದು, 5,416 ಮೀಟರ್ ಎತ್ತರದ ಥೊರಾಂಗ್ ಲಾ ಎಂಬ ಘಾಟಿ ದಾಟಬೇಕು. ಆಚೆ ಬದಿಯಲ್ಲಿ ಕಾಳಿ ಗಂಡಕಿಗೆ ಇಳಿದರೆ ಸುತ್ತು ಮುಗಿದ ಹಾಗೆ. ಹೊರಗಿನವರಿಗೆ ಈ ದಾರಿ ತೆರೆದದ್ದು 1977ರಲ್ಲಿ. ರಸ್ತೆ ಬರುವ ಮುಂಚೆ ಪೂರ್ತಿ ಸುತ್ತು 200 ಕಿಲೋಮೀಟರ್‌ಗೂ ಜಾಸ್ತಿ ಇತ್ತು, ಮೂರು ವಾರದ ಲೆಕ್ಕ.

ಹೊರಡುವ ಊರು ಬೆಸಿಸಹರ್, ಎತ್ತರ ಸುಮಾರು 800 ಮೀಟರ್. ನಮ್ಮ ಬೆಂಗಳೂರಿಗಿಂತ ಕೆಳಗೆ! ಅಲ್ಲಿಂದ ನಾಲ್ಕೂವರೆ ಸಾವಿರ ಮೀಟರ್ ಮೇಲೇರಬೇಕು. ಹಾಗಂತ ಬರೀ ಹತ್ತುವುದಲ್ಲ, ದಾರಿಯುದ್ದಕ್ಕೂ ಹವೆಯೂ ಬದಲಾಗುತ್ತದೆ. ಪರ್ವತದ ಈಚೆಗೆ ಮಳೆ ಸುರಿದು ಹೋಗುತ್ತದೆ, ಆಚೆಗೆ ಮೋಡ ದಾಟುವುದೇ ಅಪರೂಪ. ದಕ್ಷಿಣದ ಇಳಿಜಾರಿನ ಲುಮ್ಲೆ ಎಂಬ ಊರಲ್ಲಿ ವರ್ಷಕ್ಕೆ 5,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಬೆನ್ನ ಹಿಂದಿನ ಜೋಮ್‌ಸೋಮ್‌ನಲ್ಲಿ 300 ಕೂಡ ಆಗುವುದಿಲ್ಲ. ಆಗುಂಬೆಯಲ್ಲಿ ಹೊರಟು ಚಳ್ಳಕೆರೆಗೆ ನಡೆದು ಹೋದ ಹಾಗೆ ಅಂದುಕೊಳ್ಳಿ, ನಡುವೆ ಎಂಟು ಸಾವಿರ ಮೀಟರಿನ ಗೋಡೆ ಅಷ್ಟೇ ಜಾಸ್ತಿ.

ನಾವು ಹೋದದ್ದು ಅಕ್ಟೋಬರ್‌ನಲ್ಲಿ. ಗೋರಖ್‌ಪುರದವರೆಗೆ ರೈಲು, ಸುನೌಲಿಯಲ್ಲಿ ಗಡಿ, ಆಮೇಲೆ ಬೆನ್ನು ಮುರಿಯುವ ಬಸ್ಸು. ಆ ಪ್ರಯಾಣದ ಬಗ್ಗೆ ಹೇಳುವಂಥದ್ದು ಏನಿಲ್ಲ, ಮುಗಿದರೆ ಸಾಕು ಅನ್ನುವ ಜಾತಿಯದು.

ನೇಪಾಳದಲ್ಲಿ ಆಗ ದಶೈಂ, ಅಂದರೆ ನಮ್ಮ ದಸರಾ ಸಮಯವೇ. ಬೆಸಿಸಹರ್ ದಾಟಿದ ಕೂಡಲೇ ಊರೂರಲ್ಲಿ ಬಿದಿರಿನ ದೊಡ್ಡ ಉಯ್ಯಾಲೆಗಳು. ನಾಲ್ಕು ಉದ್ದನೆಯ ಬಿದಿರನ್ನು ನೆಟ್ಟು ತುದಿಯಲ್ಲಿ ಒಟ್ಟಿಗೆ ಕಟ್ಟಿರುತ್ತಾರೆ. ಮಕ್ಕಳ ಸರದಿ ಮುಗಿದ ಮೇಲೆ ಅಜ್ಜಿಯರೂ ಕೂತು ಜೀಕುತ್ತಾರೆ. ಗುರುಂಗ್ ಜನಾಂಗದವರ ಮನೆಯೊಂದರ ಮುಂದೆ ನೀರು ಕೇಳಿದ್ದಕ್ಕೆ ಹಿರಿಯರೊಬ್ಬರು ಕೂರಿಸಿಕೊಂಡು ಹಣೆಗೆ ಟೀಕಾ ಹಚ್ಚಿದರು. ನಮ್ಮ ಕುಂಕುಮದ ಹಾಗೆ ಒಂದು ಬೊಟ್ಟಲ್ಲ. ಮೊಸರಲ್ಲಿ ಕಲಸಿದ ಕೆಂಪು ಅಕ್ಕಿಯನ್ನು ಅಂಗೈ ತುಂಬ ತಗೊಂಡು ಹಣೆಗೆ ಮೆತ್ತುವುದು. ಕಿವಿಯ ಹಿಂದೆ ಜವೆಯ ಎಳೆ ಮೊಳಕೆ ಸಿಕ್ಕಿಸಿದರು. ಮಧ್ಯಾಹ್ನದ ಬಿಸಿಲಲ್ಲಿ ಹತ್ತುವಾಗ ಆ ಅಕ್ಕಿ ಒಂದೊಂದೇ ಕಾಳು ಒಣಗಿ ಮೂಗಿನ ಮೇಲೆ ಉದುರುತ್ತಿತ್ತು.

ಗದ್ದೆಗಳಲ್ಲಿ ಭತ್ತ ಹಣ್ಣಾಗಿತ್ತು. ಅದಕ್ಕಿಂತ ಮೇಲಿನ ಮೆಟ್ಟಿಲುಗಳಲ್ಲಿ ಏನೋ ಪರಿಚಯದ ತೆನೆ. ಹತ್ತಿರ ಹೋಗಿ ನೋಡಿದರೆ ರಾಗಿ! ಅದೇ ಮುಷ್ಟಿ ಬಿಗಿದಂತಹ ತೆನೆ, ಅದೇ ಕಂದು. ಅಲ್ಲಿ ಕೋದೊ ಅನ್ನುತ್ತಾರೆ. ಆ ರಾತ್ರಿ ತಂಗಿದ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ದಿದಿಗೆ ಇದು ನಮ್ಮೂರ ಊಟ ಅಂದೆ. ಅವಳು ನಂಬಲಿಲ್ಲ. ಇಂಡಿಯಾದವರು ರೊಟ್ಟಿ, ಪನೀರ್ ತಿನ್ನುವವರು ಅಂತ ಅವಳ ಲೆಕ್ಕ.

ಢಿಂಡೊ, ಅಂದರೆ ಅಲ್ಲಿನ ಮುದ್ದೆ, ಮಾಡುವುದನ್ನು ಒಲೆ ಪಕ್ಕವೇ ಕೂತು ನೋಡಿದೆ. ಕಬ್ಬಿಣದ ಬಾಣಲೆಯಲ್ಲಿ ನೀರು ಕುದಿಯುತ್ತಿರುವಾಗ ಹಿಟ್ಟನ್ನು ಸ್ವಲ್ಪಸ್ವಲ್ಪವೇ ಉದುರಿಸುತ್ತಾಳೆ. ಇನ್ನೊಂದು ಕೈಯಲ್ಲಿ ಚಪ್ಪಟೆ ಮರದ ಸೌಟಿನಿಂದ ಬಿಡದೆ ತಿರುವುತ್ತಾಳೆ. ಗಟ್ಟಿಯಾಗುತ್ತ ಬಂದ ಹಾಗೆ ಬಾಣಲೆಯನ್ನು ಕಾಲಿನಿಂದ ಒತ್ತಿ ಹಿಡಿದು, ಎರಡೂ ಕೈಯಿಂದ ತೊಳಸುತ್ತಾಳೆ. ನಮ್ಮಲ್ಲಿ ಕೋಲು, ಅಲ್ಲಿ ಸೌಟು, ಇಷ್ಟೇ ವ್ಯತ್ಯಾಸ. ಉಂಡೆ ಕಟ್ಟುವುದಿಲ್ಲ, ತಟ್ಟೆಗೆ ಹಾಗೇ ಬಡಿಸುತ್ತಾರೆ. ಜೊತೆಗೆ ಗುಂದ್ರುಕ್, ಅಂದರೆ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರು. ತುತ್ತು ಮುರಿದು, ಸಾರಲ್ಲಿ ಅದ್ದಿ, ಅಗಿಯದೆ ನುಂಗಿದೆ. ದಿದಿ ಒಲೆ ಬಿಟ್ಟು ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಮಾತೂ ಆಡದೆ ಇನ್ನೊಂದು ಸೌಟು ತಂದು ಹಾಕಿದಳು. ಆವತ್ತಿಂದ ಇಡೀ ಮನೆಗೆ ನಾನು ಅಣ್ಣ. ನನ್ನ ಜೊತೆಗಿದ್ದ ಗೆಳೆಯ ಮಂಗಳೂರಿನವನು, ಕುಚ್ಚಲಕ್ಕಿ ಗಿರಾಕಿ. ಅವನು ದಾಲ್ ಭಾತ್‌ಗೇ ಅಂಟಿಕೊಂಡ. ಅದರಲ್ಲೂ ನಷ್ಟವಿಲ್ಲ ಬಿಡಿ, ದಾಲ್ ಭಾತ್ ಅಂದರೆ ಕೇಳಿದಷ್ಟು ಬಡಿಸುತ್ತಾರೆ. ಮೆನುವಿನಲ್ಲಿ ಪಿಜ್ಜಾ, ಲಸಾನಿಯಾ ಎಲ್ಲ ಇರುತ್ತೆ. ಅದನ್ನು ಕೇಳುವವರ ಹೊಟ್ಟೆ ಮೂರನೇ ದಿನ ಕೈ ಕೊಟ್ಟಿದ್ದನ್ನು ದಾರಿಯಲ್ಲಿ ಬೇಕಾದಷ್ಟು ನೋಡಿದೆ.

ಕೆಳಗಿನ ಈ ಭಾಗದಲ್ಲಿ ಜೀಪ್ ರಸ್ತೆ ನದಿಯ ಒಂದು ದಂಡೆಯಲ್ಲಿ ಹೋಗುತ್ತದೆ. ನಡೆಯುವವರಿಗೆ ಬಹಳಷ್ಟು ಕಡೆ ಇನ್ನೊಂದು ದಂಡೆಯಲ್ಲಿ ಹಳೆಯ ದಾರಿ ಇದೆ. ಬಂಡೆ, ಮರ, ಮನೆ ಗೋಡೆಗಳ ಮೇಲೆ ಬಿಳಿ ಕೆಂಪು ಪಟ್ಟೆ ಬಳಿದಿರುತ್ತಾರೆ. ಅದನ್ನು ಹಿಡಿದು ಹೋದರೆ ಮುಖ್ಯ ದಾರಿ ತಪ್ಪುವುದಿಲ್ಲ. ಬಿಳಿ ನೀಲಿ ಪಟ್ಟೆ ಕಂಡರೆ ಅದು ಪಕ್ಕಕ್ಕೆ ಕವಲೊಡೆಯುವ ದಾರಿ. ತೂಗುಸೇತುವೆಗಳು ಉಕ್ಕಿನ ಹಗ್ಗದವು, ಗಟ್ಟಿ. ಸೇತುವೆ ಅಲ್ಲಾಡುವುದಕ್ಕಿಂತ ಹೇಸರಗತ್ತೆಗಳ ಸಾಲಿಗೆ ಹೆದರಬೇಕು. ಗಂಟೆ ಸದ್ದು ಕೇಳಿದ ತಕ್ಷಣ ಗುಡ್ಡದ ಬದಿಗೆ ಒತ್ತಿ ನಿಲ್ಲಬೇಕು, ಕಣಿವೆಯ ಬದಿಗೆ ಯಾವತ್ತೂ ನಿಲ್ಲಬಾರದು. ಎರಡೂ ಪಕ್ಕಕ್ಕೆ ಗ್ಯಾಸ್ ಸಿಲಿಂಡರ್ ಕಟ್ಟಿಸಿಕೊಂಡ ಕತ್ತೆಗೆ ನಿಮ್ಮ ಮೇಲೆ ದ್ವೇಷವೇನೂ ಇಲ್ಲ, ಅದಕ್ಕೆ ತನ್ನ ಅಗಲ ಗೊತ್ತಿಲ್ಲ ಅಷ್ಟೇ.

ಹೊರೆ ಹೊರುವವರ ಬಗ್ಗೆ ಎರಡು ಮಾತು ಹೇಳಲೇಬೇಕು. ಬೆನ್ನಿಗೆ ಡೊಕೊ ಎಂಬ ಬಿದಿರಿನ ಬುಟ್ಟಿ. ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಕುತ್ತಿಗೆಯ ಬಲದಲ್ಲಿ ಹೊರುತ್ತಾರೆ. ಕೈಯಲ್ಲಿ ಇಂಗ್ಲಿಷಿನ ಟೀ ಅಕ್ಷರದ ಆಕಾರದ ಗಿಡ್ಡ ಕೋಲು. ಏರಿನಲ್ಲಿ ದಣಿವಾದಾಗ ಬುಟ್ಟಿ ಕೆಳಗಿಳಿಸುವುದಿಲ್ಲ. ಇಳಿಸಿದರೆ ಮತ್ತೆ ಎತ್ತಲು ಯಾರಾದರೂ ಬೇಕಲ್ಲ. ಕೋಲನ್ನು ಬೆನ್ನ ಹಿಂದೆ ಊರಿ, ಬುಟ್ಟಿಯ ತಳವನ್ನು ಅದರ ಮೇಲೆ ಕೂರಿಸಿ, ನಿಂತಲ್ಲೇ ಉಸಿರು ತಗೊಳ್ಳುತ್ತಾರೆ. ಒಂದು ಸಣ್ಣ ಸಿಳ್ಳೆ ಹೊಡೆದ ಹಾಗೆ ಉಸಿರು ಬಿಟ್ಟು ಮತ್ತೆ ಹೊರಡುತ್ತಾರೆ. ಆ ಕೋಲಿನ ತಲೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ಕನ್ನಡಿಯಾಗಿರುತ್ತದೆ. ಇವರೆಲ್ಲ ಬೆಟ್ಟದ ಮಕ್ಕಳು, ಇವರಿಗೆ ಎತ್ತರ ಏನೂ ಮಾಡುವುದಿಲ್ಲ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಬಹಳ ಜನ ಪೋರ್ಟರುಗಳು ಕೆಳಗಿನ ಗದ್ದೆಯೂರಿನವರು. ನಾಲ್ಕು ಸಾವಿರ ಮೀಟರ್ ದಾಟಿದರೆ ಅವರ ತಲೆಯೂ ನಮ್ಮ ತಲೆಯ ಹಾಗೇ ಸಿಡಿಯುತ್ತದೆ. ಹೇಳಿದರೆ ಕೂಲಿ ಹೋದೀತು ಅಂತ ಬಾಯಿ ಬಿಡುವುದಿಲ್ಲ. ನಿಮ್ಮ ಚೀಲ ಹೊತ್ತವರನ್ನು ದಿನಕ್ಕೆರಡು ಸಲ ನೀವೇ ವಿಚಾರಿಸಿ.

ಚಾಮೆ 2,670 ಮೀಟರ್. ಅಲ್ಲಿಂದ ಗದ್ದೆ ಮುಗಿದು ಪೈನ್ ಕಾಡು ಶುರು. ಸ್ವರ್ಗದ್ವಾರಿ ಅಂತ ಕರೆಯುವ ಒಂದು ಭಾರಿ ಬಂಡೆ ಗೋಡೆ ಸಿಗುತ್ತದೆ. ಹಿಮನದಿ ಸವೆಸಿದ ಇಡೀ ಗುಡ್ಡ ಒಳಬಾಗಿ ನಿಂತಿದೆ. ಸತ್ತವರ ಆತ್ಮ ಅದನ್ನು ಹತ್ತಿ ಹೋಗುತ್ತದಂತೆ. ಪಿಸಾಂಗ್ ದಾಟಿದ ಮೇಲೆ ಎರಡು ದಾರಿ. ಕೆಳಗಿನದು ಸಪಾಟು, ಜೀಪು ಹೋಗುವಂಥದ್ದು. ಮೇಲಿನದು ಘ್ಯಾರು, ಙವಲ್ ಎಂಬ ಹಳ್ಳಿಗಳ ಮೂಲಕ. ಘ್ಯಾರುಗೆ ಹತ್ತುವಾಗ ತಿರುವಿನ ಮೇಲೆ ತಿರುವು, ಜೀವ ಬಾಯಿಗೆ ಬರುತ್ತದೆ. ಹತ್ತಿ ನಿಂತರೆ ಎದುರಿಗೆ 7,937 ಮೀಟರಿನ ಅನ್ನಪೂರ್ಣಾ-2, ನಡುವೆ ಯಾವ ಗುಡ್ಡದ ಅಡ್ಡಿಯೂ ಇಲ್ಲದೆ, ಬುಡದಿಂದ ತುದಿಯವರೆಗೆ. ನಾನು ಈ ಮೇಲಿನ ದಾರಿಯನ್ನೇ ಹೇಳುತ್ತೇನೆ. ನೋಟಕ್ಕಷ್ಟೇ ಅಲ್ಲ. 3,700 ಮೀಟರಿನ ಹತ್ತಿರ ಹತ್ತಿ ಮತ್ತೆ ಮನಾಂಗ್‌ನ 3,540ಕ್ಕೆ ಇಳಿದು ಮಲಗಿದರೆ ಮೈ ಎತ್ತರಕ್ಕೆ ಹದವಾಗುತ್ತದೆ.

ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರ ಒಂದು ಸಣ್ಣ ಆಸ್ಪತ್ರೆ ಇದೆ. 1973ರಲ್ಲಿ ಶುರುವಾದ ಸಂಸ್ಥೆ. ಸೀಸನ್‌ನಲ್ಲಿ ಮಧ್ಯಾಹ್ನ ಡಾಕ್ಟರುಗಳು ಎತ್ತರದ ಕಾಯಿಲೆ ಬಗ್ಗೆ ಪಾಠ ಮಾಡುತ್ತಾರೆ. ಬಿಸಿಲಲ್ಲಿ ಕೂತು ಕೇಳಿದೆವು. ನನಗೆ ತಿಳಿದಷ್ಟು ಹೇಳುತ್ತೇನೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಒಂದೇ. ಆದರೆ ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡವೇ ಕಮ್ಮಿ. ಥೊರಾಂಗ್ ಲಾದಲ್ಲಿ ಅದು ಸಮುದ್ರ ಮಟ್ಟದ ಸುಮಾರು ಅರ್ಧ. ಮೈ ಮೊದಲು ಮಾಡುವ ಕೆಲಸ ಅಂದರೆ ಜೋರಾಗಿ ಉಸಿರಾಡುವುದು. ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಗೆ ಹೋಗಿ ರಕ್ತ ಕ್ಷಾರವಾಗುತ್ತದೆ. ಆಗ ಮೆದುಳು, ಸಾಕು ಉಸಿರು ಕಮ್ಮಿ ಮಾಡು ಅನ್ನುತ್ತದೆ. ಈ ಜಗಳ ಬಿಡಿಸುವುದು ಮೂತ್ರಪಿಂಡ. ಅದು ಬೈಕಾರ್ಬೊನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಸರಿದಾರಿಗೆ ತರಬೇಕು. ಅದಕ್ಕೆ ಒಂದೆರಡು ಗಂಟೆ ಸಾಲದು, ದಿನಗಳೇ ಬೇಕು. ಡಯಾಮಾಕ್ಸ್ ಮಾತ್ರೆ ಇದೇ ಕೆಲಸವನ್ನು ಸ್ವಲ್ಪ ಬೇಗ ಮಾಡಿಸುತ್ತದೆ. ಮೂರು ಸಾವಿರ ಮೀಟರ್ ಮೇಲೆ ದಿನಕ್ಕೆ ಮಲಗುವ ಎತ್ತರ 500 ಮೀಟರ್‌ಗಿಂತ ಹೆಚ್ಚಿಸಬೇಡಿ ಅನ್ನುವ ನಿಯಮ ಹುಟ್ಟಿದ್ದು ಹೀಗೆ.

ಹಳೆಯ ಸರ್ಕ್ಯೂಟ್‌ನ ಚಂದವೇ ಇದು. ಯಾರಿಗೂ ಈ ಲೆಕ್ಕ ಗೊತ್ತಿರಬೇಕಾಗಿರಲಿಲ್ಲ. ಬೆಸಿಸಹರ್‌ನಿಂದ ದಿನಕ್ಕೊಂದು ಊರು ನಡೆದರೆ ಲೆಕ್ಕ ತಾನಾಗೇ ಸರಿಹೋಗುತ್ತಿತ್ತು. ದಾರಿಯೇ ವೈದ್ಯ. ಈಗ ಬೆಳಿಗ್ಗೆ ಬೆಸಿಸಹರ್‌ನಲ್ಲಿ ಜೀಪು ಹತ್ತಿದವರು ಸಂಜೆಯೊಳಗೆ ಮನಾಂಗ್ ಮುಟ್ಟಬಹುದು. 800ರಿಂದ 3,540ಕ್ಕೆ, ಒಂದೇ ದಿನದಲ್ಲಿ, ಕಾಲು ನೆಲಕ್ಕೆ ತಾಗಿಸದೆ. ರಸ್ತೆ ಬಂದು ಸರ್ಕ್ಯೂಟ್ ಸುಲಭವಾಯಿತು ಅನ್ನುತ್ತಾರೆ. ಸುಲಭವಾದದ್ದು ಕೆಳಗಿನ ಭಾಗ. ಅದರ ಸಾಲವನ್ನು ಮೇಲಿನ ಭಾಗದಲ್ಲಿ ತೀರಿಸಬೇಕು.

ನಾವಿದ್ದ ಲಾಡ್ಜ್‌ನಲ್ಲೇ ಅಂಥ ಒಂದು ಗುಂಪಿತ್ತು. ನಮಗಿಂತ ಗಟ್ಟಿ ಹುಡುಗರು, ಮ್ಯಾರಥಾನ್ ಓಡುವವರು. ಸಂಜೆ ಅವರಲ್ಲಿ ಒಬ್ಬ ಊಟ ಬೇಡ ಅಂದ. ರಾತ್ರಿ ವಾಂತಿ. ಬೆಳಿಗ್ಗೆ ನೋಡಿದರೆ ಕುಡಿದವನ ಹಾಗೆ ಹೆಜ್ಜೆ ಅಡ್ಡಾದಿಡ್ಡಿ. ಅದು ಕೆಟ್ಟ ಲಕ್ಷಣ, ಮೆದುಳಿನಲ್ಲಿ ನೀರು ತುಂಬುತ್ತಿದೆ ಅಂತ ಅರ್ಥ. ತಡಮಾಡದೆ ಕೆಳಗೆ ಇಳಿಸುವುದೇ ಮುಖ್ಯ ಮದ್ದು. ತಕ್ಷಣ ಜೀಪು ಮಾಡಿ ಇಳಿಸಿದರು. ಎರಡು ದಿನದ ಮೇಲೆ ಆರಾಮಾಗಿದ್ದಾನೆ ಅಂತ ಮೆಸೇಜು ಬಂತು. ಇಲ್ಲೇ ನನ್ನ ವಾದದ ಬುಡ ಸ್ವಲ್ಪ ಅಲ್ಲಾಡುತ್ತದೆ. ಅವನನ್ನು ಮಲಗಿಸಿದ್ದೂ ಆ ರಸ್ತೆ, ಉಳಿಸಿದ್ದೂ ಅದೇ ರಸ್ತೆ. ಮೊದಲಾಗಿದ್ದರೆ ಕುದುರೆ ಬೆನ್ನೋ, ಯಾರದ್ದಾದರೂ ಹೆಗಲೋ, ಹೆಲಿಕಾಪ್ಟರೋ. ಮನಾಂಗ್‌ನ ಬಸುರಿ ಹೆಂಗಸಿಗೆ ಹೆಲಿಕಾಪ್ಟರ್ ತರಿಸುವವರು ಯಾರು? ರಸ್ತೆ ಬೇಡ ಅನ್ನುವ ಹಕ್ಕು ನನಗಂತೂ ಇಲ್ಲ. ನಾನು ಹತ್ತುವಾಗ ಅದನ್ನು ಬಳಸುವುದಿಲ್ಲ, ಅಷ್ಟು ಮಾತ್ರ ನನ್ನ ಕೈಲಿರುವುದು.

ಮನಾಂಗ್ ಒಂದು ವಿಚಿತ್ರ ಊರು. ಮಣ್ಣಿನ ಚಪ್ಪಟೆ ಮಾಳಿಗೆ, ಒಂದರ ಮೇಲೊಂದು ಮನೆ, ಎದುರಿಗೆ ಗಂಗಾಪೂರ್ಣಾದ ಹಿಮನದಿ ಕರಗಿ ನಿಂತ ಹಸಿರು ಕೆರೆ. ಇಷ್ಟು ಮೂಲೆಯ ಊರಿನ ಜನ ತಲೆಮಾರಿನಿಂದ ಬ್ಯಾಂಕಾಕ್, ಸಿಂಗಾಪುರ, ಹಾಂಗ್‌ಕಾಂಗ್ ತನಕ ವ್ಯಾಪಾರ ಮಾಡಿದವರು. ನಮ್ಮ ಲಾಡ್ಜಿನ ಯಜಮಾನರು ಯಾಕ್ ಹಾಲಿನ ಚೀಸ್ ಕತ್ತರಿಸುತ್ತ ಸಿಂಗಾಪುರದ ಬೀದಿಗಳ ಹೆಸರು ಹೇಳುತ್ತಿದ್ದರು. 1950ರಲ್ಲಿ ಅನ್ನಪೂರ್ಣಾ ಹುಡುಕಿಕೊಂಡು ಬಂದ ಫ್ರೆಂಚ್ ತಂಡದ ಕೈಯಲ್ಲಿದ್ದ ನಕ್ಷೆಯೇ ತಪ್ಪು. ಪರ್ವತಕ್ಕೆ ಹೋಗುವ ದಾರಿ ಹುಡುಕುವುದರಲ್ಲೇ ವಾರಗಟ್ಟಲೆ ಕಳೆದರು. ಕೊನೆಗೆ ಜೂನ್ 3ರಂದು ಮೊರಿಸ್ ಎರ್ಜೋಗ್, ಲೂಯಿ ಲಶೆನಾಲ್ ತುದಿ ಮುಟ್ಟಿದರು. ಎಂಟು ಸಾವಿರ ಮೀಟರ್ ಮೀರಿದ ಶಿಖರವೊಂದರ ತುದಿಗೆ ಮನುಷ್ಯ ಕಾಲಿಟ್ಟದ್ದು ಅದೇ ಮೊದಲು. ಹಿಮದಲ್ಲಿ ಇಬ್ಬರ ಕಾಲ್ಬೆರಳುಗಳೂ ಹೋದವು.

ಮನಾಂಗ್ ಆದಮೇಲೆ ಮರ ಇಲ್ಲ. ಯಾಕ್ ಖರ್ಕ, ಲೇದರ್, ಥೊರಾಂಗ್ ಫೇದಿ. ದಿನಕ್ಕೆ ಮೂರು ನಾಲ್ಕು ಗಂಟೆ ನಡೆದು ನಿಲ್ಲಿಸಿಬಿಡಬೇಕು. ಉಳಿದ ಹೊತ್ತು ಟೀ ಕುಡಿಯುವುದು, ಒಲೆ ಸುತ್ತ ಕೂರುವುದು, ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗುವುದು. ನಮ್ಮ ಗೈಡ್ ಹುಡುಗನಿಗೆ ಗೊತ್ತಿದ್ದ ಮಂತ್ರ ಒಂದೇ, "ಬಿಸ್ತಾರೈ, ಬಿಸ್ತಾರೈ." ನಿಧಾನ, ನಿಧಾನ. ನಾನು ನಿಧಾನವಾಗಿ ಹೋದಾಗಲೂ ಇನ್ನೂ ನಿಧಾನ ಅನ್ನುತ್ತಿದ್ದ.

ಈ ಭಾಗಕ್ಕೆ ಬಂದಾಗ ಎಲ್ಲರೂ 2014ರ ಮಾತು ಎತ್ತುತ್ತಾರೆ. ಆ ವರ್ಷ ಅಕ್ಟೋಬರ್ 12ಕ್ಕೆ ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಅದರ ಬಾಲ ಉತ್ತರಕ್ಕೆ ಸರಿದು 14ರಂದು ಇಲ್ಲಿ ಹಿಮವಾಗಿ ಸುರಿಯಿತು. ಎಂದೂ ತಿಳಿಯಾಗಿರುವ ತಿಂಗಳು, ಅದೂ ಟ್ರೆಕ್ಕಿಂಗ್‌ನ ಭರ್ತಿ ಸೀಸನ್. ಘಾಟಿಯ ಮೇಲಿದ್ದವರಿಗೆ ಮುಂದಿನ ಹೆಜ್ಜೆಯೇ ಕಾಣಲಿಲ್ಲ. ಸತ್ತವರು 40ಕ್ಕೂ ಹೆಚ್ಚು. ವಿದೇಶಿಯರು, ಗೈಡುಗಳು, ಪೋರ್ಟರುಗಳು, ಯಾಕ್ ಮೇಯಿಸುವವರು. ಬಂಗಾಳ ಕೊಲ್ಲಿಯಲ್ಲಿ ಎದ್ದ ಗಾಳಿ ಇಷ್ಟು ದೂರ ಬಂದು ಕೊಲ್ಲುತ್ತದೆ ಅಂತ ಯಾರು ನೆನೆಸಿರುತ್ತಾರೆ? ಈಗ ಅಕ್ಟೋಬರ್‌ನಲ್ಲಿ ಆಂಧ್ರ, ಒಡಿಶಾ ಕಡೆ ಚಂಡಮಾರುತದ ಸುದ್ದಿ ಬಂದರೆ ಫೇದಿಯ ಲಾಡ್ಜಿನವರೂ ಫೋನು ಹಿಡಿದು ನೋಡುತ್ತಾರೆ. ನೀವೂ ನೋಡಿ. ಒಂದು ದಿನ ಸುಮ್ಮನೆ ಕೂತರೆ ಗಂಟೇನೂ ಹೋಗಲ್ಲ.

ಫೇದಿಯಿಂದ ಮೇಲಿನ ಕೊನೆಯ ತಂಗುದಾಣ ಹೈ ಕ್ಯಾಂಪ್‌ನಲ್ಲಿ ರಾತ್ರಿ ನಿದ್ದೆ ಬರಲಿಲ್ಲ. ಪಕ್ಕದ ಮಂಚದ ಗೆಳೆಯ ನಾಲ್ಕೈದು ಸಲ ಜೋರಾಗಿ ಉಸಿರಾಡುವನು, ಆಮೇಲೆ ಪೂರ್ತಿ ನಿಲ್ಲಿಸಿಬಿಡುವನು. ನಾನು ಕತ್ತಲಲ್ಲಿ ಎಣಿಸುತ್ತಿದ್ದೆ. ಹತ್ತಾಯಿತು, ಹನ್ನೆರಡಾಯಿತು, ಎಬ್ಬಿಸಲೇ ಅನ್ನುವಷ್ಟರಲ್ಲಿ ದೊಡ್ಡದೊಂದು ಉಸಿರು ಎಳೆದುಕೊಳ್ಳುವನು. ಎತ್ತರದಲ್ಲಿ ಇದು ಎಲ್ಲರಿಗೂ ಆಗುವಂಥದ್ದು, ಗಾಬರಿ ಬೇಡ ಅಂತ ಡಾಕ್ಟರು ಹೇಳಿದ್ದರು. ಹೇಳುವುದು ಸುಲಭ. ಬೆಳಿಗ್ಗೆ ಅವನು, "ನೀನು ರಾತ್ರಿಯಿಡೀ ಉಸಿರು ನಿಲ್ಲಿಸ್ತಿದ್ದೆ ಮಾರಾಯ, ನಂಗೆ ನಿದ್ದೆನೇ ಇಲ್ಲ" ಅಂದ.

ನಾಲ್ಕು ಗಂಟೆಗೆ ಹೊರಟೆವು. ಬಿಸಿಲೇರಿದ ಮೇಲೆ ಘಾಟಿಯಲ್ಲಿ ಗಾಳಿ ಎದ್ದರೆ ನಿಲ್ಲಲಾಗುವುದಿಲ್ಲ, ಅದಕ್ಕೆ ಈ ಅವಸರ. ತಲೆದೀಪದ ಬೆಳಕಿನಲ್ಲಿ ಮುಂದಿನವನ ಹಿಮ್ಮಡಿ ಮಾತ್ರ ಕಾಣುತ್ತದೆ. ನೀರಿನ ಪೈಪು ಹೆಪ್ಪುಗಟ್ಟಿತು. ಇದೇ ಕೊನೆ ಏರು ಅನ್ನಿಸುತ್ತದೆ, ಹತ್ತಿದರೆ ಇನ್ನೊಂದು. ಥೊರಾಂಗ್ ಲಾ ಈ ಮೋಸವನ್ನು ಎಷ್ಟು ಸಲ ಮಾಡುತ್ತದೆ ಅಂತ ಲೆಕ್ಕ ಇಡುವಷ್ಟು ತಲೆ ಆಗ ಓಡುವುದಿಲ್ಲ. ಆದರೆ ಆಶ್ಚರ್ಯ ಏನು ಗೊತ್ತಾ, ಕಷ್ಟ ಆಯಿತು, ಭಯ ಆಗಲಿಲ್ಲ. ಹೆಜ್ಜೆಗೊಂದು ಉಸಿರು, ಆಮೇಲೆ ಹೆಜ್ಜೆಗೆರಡು ಉಸಿರು, ಹೀಗೆ ಮೈ ತನ್ನ ಪಾಡಿಗೆ ಲೆಕ್ಕ ಬದಲಿಸಿಕೊಳ್ಳುತ್ತ ಹೋಯಿತು. ಗದ್ದೆ ಬದುವಿನ ದಿನಗಳೆಲ್ಲ ಎಲ್ಲಿ ಹೋಗಿ ಸೇರಿದ್ದವು ಅಂತ ಆಗ ಗೊತ್ತಾಯಿತು. ಮೇಲೆ ಬಣ್ಣದ ಬಾವುಟಗಳ ರಾಶಿ, ಅಭಿನಂದನೆ ಅಂತ ಬರೆದ ಒಂದು ಫಲಕ, ಒಂದು ಟೀ ಅಂಗಡಿ. ಟೀ ಬೆಲೆ ಕೇಳಬೇಡಿ, ಕುಡಿಯಿರಿ.

ಹತ್ತಿದ್ದಕ್ಕಿಂತ ಇಳಿದದ್ದು ಕಷ್ಟ. ಮುಕ್ತಿನಾಥದವರೆಗೆ ಒಂದೇ ಉಸಿರಿಗೆ 1,600 ಮೀಟರ್ ಇಳಿಜಾರು, ಜಾರುವ ಕಲ್ಲು. ಮಂಡಿಚಿಪ್ಪು ಇದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಈಚೆ ಬದಿಯಲ್ಲಿ ಹಸಿರೇ ಇಲ್ಲ. ಕಂದು, ಹಳದಿ, ಬೂದು, ಇಡೀ ಮುಸ್ತಾಂಗ್ ಜಿಲ್ಲೆ ಬೋಳಾಗಿ ಬಿದ್ದಿದೆ. ದೂರದಲ್ಲಿ 8,167 ಮೀಟರಿನ ಧೌಲಗಿರಿ.

ಮುಕ್ತಿನಾಥ ವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು, ಬೌದ್ಧರಿಗೂ ಪವಿತ್ರ. ಕರ್ನಾಟಕದಿಂದ ಯಾತ್ರೆಯ ಗುಂಪುಗಳು ಬರುತ್ತಲೇ ಇರುತ್ತವೆ. ಧೂಳು ಮೆತ್ತಿದ ಮುಖ, ಒಡೆದ ತುಟಿ, ವಾರದಿಂದ ಸ್ನಾನವಿಲ್ಲ, ಈ ಅವತಾರದಲ್ಲಿ ಗುಡಿಯ ಹಿಂದಿನಿಂದ ಇಳಿದು ಬಂದರೆ ಕಿವಿಗೆ ಬಿದ್ದದ್ದು, "ರೀ, ಮಂಕಿ ಕ್ಯಾಪ್ ಹಾಕ್ಕೊಳ್ರೀ, ಆಮೇಲೆ ನನ್ನ ಜೀವ ತಿನ್ಬೇಡಿ!" ಮೈಸೂರು ಕಡೆಯವರು. ಜೋಮ್‌ಸೋಮ್‌ನಿಂದ ಜೀಪಲ್ಲಿ ಬಂದಿದ್ದರು. ಆ ಅಮ್ಮ ನನ್ನ ಮಾತು ಕೇಳಿ ಕನ್ನಡದವನು ಅಂತ ಗೊತ್ತಾದ ಮೇಲೆ, "ನಿಮ್ಮ ಗುಂಪು ಎಲ್ಲಪ್ಪಾ?" ಅಂದರು. ನಾನು ಹಿಂದಿನ ಬೆಟ್ಟ ತೋರಿಸಿ ಅಲ್ಲಿಂದ ಬಂದೆವು ಅಂದೆ. ಅವರು ಬೆಟ್ಟ ನೋಡಿದರು, ನನ್ನನ್ನು ನೋಡಿದರು. "ಅಯ್ಯೋ, ಆ ಕಡೆನೂ ದೇವಸ್ಥಾನ ಇದ್ಯಾ?"

ಇಲ್ಲ ಅಮ್ಮ ಅಂದೆ. ಹಾಗಾದರೆ ಯಾಕೆ ಹೋದೆ ಅಂತ ಕೇಳುವ ಮೊದಲೇ ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟರು.

ಗುಡಿಯ ಹಿಂದೆ ಅರ್ಧಚಂದ್ರದ ಗೋಡೆಯಲ್ಲಿ 108 ಹಿತ್ತಾಳೆಯ ಬಸವನ ಮುಖಗಳು, ಪ್ರತಿಯೊಂದರಿಂದಲೂ ಹಿಮ ಕರಗಿದ ನೀರು. ಎಲ್ಲದರ ಕೆಳಗೂ ತಲೆ ಕೊಟ್ಟು ಓಡಬೇಕು. ಯಜಮಾನರೊಬ್ಬರು ಪಂಚೆಯಲ್ಲಿ ಓಡಿ ಮುಗಿಸಿ, ನಡುಗುತ್ತ, ಏದುಸಿರು ಬಿಡುತ್ತ ಬಂದರು. ಇಲ್ಲಿ 3,700 ಮೀಟರ್‌ಗೂ ಮೇಲೆ. ಜೀಪಲ್ಲಿ ನೇರ ಬಂದು, ತಣ್ಣೀರಲ್ಲಿ ಓಡುವುದು ಎಪ್ಪತ್ತರ ವಯಸ್ಸಿಗೆ ಸಣ್ಣ ಮಾತಲ್ಲ. ಯಾತ್ರೆ ಏರ್ಪಡಿಸುವವರು ಇದನ್ನು ಮೊದಲೇ ಹೇಳಬೇಕು. ಹತ್ತಿರದ ಜ್ವಾಲಾಮಾಯಿ ಗುಡಿಯಲ್ಲಿ ನೆಲದಿಂದ ಬರುವ ಅನಿಲಕ್ಕೆ ಹತ್ತಿದ ಸಣ್ಣ ನೀಲಿ ಜ್ವಾಲೆ, ಪಕ್ಕದಲ್ಲೇ ನೀರು ಹರಿಯುವ ಸದ್ದು.

ಕಾಗ್ಬೇನಿಗೆ ಇಳಿದರೆ ಕಾಳಿ ಗಂಡಕಿ. ನಮ್ಮಲ್ಲಿ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮದ ತವರು ಇದು. ನಮ್ಮಜ್ಜನ ಪೆಟ್ಟಿಗೆಯಲ್ಲೂ ಒಂದಿತ್ತು, ಮಡಿಯಲ್ಲಿ ಇಲ್ಲದೆ ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ಇಲ್ಲಿ ಹೆಂಗಸರು ರಸ್ತೆ ಬದಿಯಲ್ಲಿ ಕಂಬಳಿ ಹಾಸಿ ರಾಶಿ ಹಾಕಿಕೊಂಡು ಕೂತಿದ್ದರು. ಒಬ್ಬಾಕೆ ಒಂದು ಉರುಟು ಕರಿಕಲ್ಲನ್ನು ಇನ್ನೊಂದು ಕಲ್ಲಿಂದ ಟಕ್ಕೆಂದು ಹೊಡೆದಳು. ಎರಡು ಹೋಳಾಯಿತು. ಒಳಗೆ ಸುರುಳಿ, ಗೆರೆ ಗೆರೆ ಬಿಡಿಸಿಟ್ಟ ಹಾಗೆ. ಅದು ಅಮೋನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆ. ಭಾರತದ ಭೂಮಿ ಏಷ್ಯಾಕ್ಕೆ ಬಂದು ಗುದ್ದುವ ಮೊದಲು ಇಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ಗುದ್ದಿದ ಮೇಲೆ ಅದರ ತಳವೇ ಎದ್ದು ಹಿಮಾಲಯವಾಯಿತು. ನದಿ ಆ ಕಲ್ಲನ್ನು ಕೊರೆದು ಕೆಳಗೆ ತರುತ್ತದೆ. ದೇವರೋ ಹುಳವೋ ಅನ್ನುವ ಚರ್ಚೆ ನನಗೆ ಬೇಡ. ಕೋಟಿಗಟ್ಟಲೆ ವರ್ಷ ಹಳೆಯ ಸುರುಳಿಗೆ ದಿನಾ ಹಾಲೆರೆದು ಕೈ ಮುಗಿಯುವುದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಜೋಮ್‌ಸೋಮ್ ಕಡೆಗೆ ನಡೆಯುವವರು ಬೆಳಿಗ್ಗೆ ಬೇಗ ಹೊರಡಬೇಕು. ಹತ್ತು ಹನ್ನೊಂದು ಗಂಟೆಗೆ ಉತ್ತರದ ಬಯಲು ಕಾದು, ದಕ್ಷಿಣದ ಗಾಳಿಯನ್ನು ಈ ಕಣಿವೆಯೊಳಗೆ ಎಳೆದುಕೊಳ್ಳುತ್ತದೆ. ಎದುರುಗಾಳಿ, ಮರಳು, ಕಣ್ಣು ಬಿಡಲಾಗದು. ವಿಮಾನಗಳೂ ಬೆಳಿಗ್ಗೆಯೇ ಹಾರಿ ಮುಗಿಸುತ್ತವೆ.

ಈ ಕಡೆಯ ರಸ್ತೆಯ ಬಗ್ಗೆ ನನಗೆ ತಕರಾರು ಕಮ್ಮಿ. ಇದು ಮೊದಲಿಂದಲೂ ವ್ಯಾಪಾರದ ದಾರಿಯೇ. ಟಿಬೆಟಿನ ಉಪ್ಪು ಕೆಳಗೆ, ಕೆಳಗಿನ ಅಕ್ಕಿ ಮೇಲೆ. ನಡುವೆ ಈ ಕಣಿವೆಯ ಥಕಾಲಿ ಜನಾಂಗದ ಹೆಂಗಸರು ನಡೆಸುತ್ತಿದ್ದ ಊಟ ವಸತಿಯ ಮನೆಗಳು ಟ್ರೆಕ್ಕಿಂಗ್ ಅನ್ನುವ ಮಾತು ಹುಟ್ಟುವ ಮುಂಚಿನವು. ಟಿಬೆಟಿನ ಗಡಿ ಬಿಗಿಯಾಯಿತು, ಭಾರತದ ಕಡಲುಪ್ಪು ಅಗ್ಗದಲ್ಲಿ ಬಂತು, ಆ ವ್ಯಾಪಾರ ಬಿತ್ತು. ಅದೇ ಮನೆಗಳು ನಮ್ಮಂಥವರನ್ನು ಹಿಡಿದುಕೊಂಡವು. ಅದೂ ಅಲ್ಲದೆ ಇಳಿಯುವವರಿಗೆ ಎತ್ತರದ ಭಯ ಇಲ್ಲ. ರಜೆ ಸಾಲದಿದ್ದರೆ ಕತ್ತರಿ ಹಾಕಬೇಕಾದ್ದು ಈ ಕಡೆಯ ಭಾಗಕ್ಕೆ ಅಂತ ಫೋನ್ ಮಾಡಿದವರಿಗೆಲ್ಲ ಹೇಳುತ್ತೇನೆ. ಕೇಳುವವರು ಕಮ್ಮಿ.

ನಾವೂ ಮಾರ್ಫಾದಲ್ಲಿ ಬಸ್ಸು ಹತ್ತಿದೆವು. ಬಿಳಿ ಸುಣ್ಣದ ಮನೆಗಳ, ಸೇಬಿನ ತೋಟಗಳ ಊರು. ಪಕ್ಕದ ಸೀಟಿನಲ್ಲಿ ಥಕಾಲಿ ಯಜಮಾನರು. ಬಸ್ಸಿನ ಮೇಲೆ ಅವರ ಸೇಬಿನ ಪೆಟ್ಟಿಗೆಗಳಿದ್ದವು, ಪ್ರತಿ ಗುಂಡಿಗೂ ತಲೆ ಎತ್ತಿ ಚಾವಣಿ ನೋಡುತ್ತಿದ್ದರು. ರಸ್ತೆ ಇಲ್ಲದಾಗ ಸೇಬನ್ನು ಒಣಗಿಸಿ ಇಡಬೇಕಿತ್ತು, ಇಲ್ಲಾ ಬ್ರಾಂದಿ ಇಳಿಸಬೇಕಿತ್ತು, ಹಣ್ಣಾಗಿ ಕೆಳಗೆ ಮುಟ್ಟುತ್ತಲೇ ಇರಲಿಲ್ಲ ಅಂತ ಹಿಂದಿಯಲ್ಲಿ ಹೇಳಿದರು. ಈಗ ಮರುದಿನ ಪೋಖರಾ ಮಾರ್ಕೆಟ್ಟಿನಲ್ಲಿ ಇರುತ್ತದೆ. ನೀವು ಎಲ್ಲಿಂದ ಬಂದಿರಿ ಅಂತ ಕೇಳಿದರು. ಬೆಸಿಸಹರ್‌ನಿಂದ ನಡೆದುಕೊಂಡು ಬಂದೆವು ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ.

ಅವರು ಪಾಪ ಅನ್ನುವ ಹಾಗೆ ನನ್ನ ಮೊಣಕಾಲು ನೋಡಿ ಕೇಳಿದರು, "ಯಾಕೆ, ಜೀಪು ಸಿಗಲಿಲ್ವಾ?"